ಎಡೆ ಇಲ್ಲದವರ ಹಾದಿ

ಶೆಟ್ಟಿಹಳ್ಳಿಯ ಚರ್ಚಿನಲ್ಲಿ ದೆವ್ವವಿದೆ ಎಂದು ಸಾರುವ ವಿಡಿಯೊಗಳಿಗೆ ಈಗ ಲೆಕ್ಕವಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟ ಹುಡುಗರು ತಲೆಗೆ ಟಾರ್ಚ್ ಕಟ್ಟಿಕೊಂಡು, ಸೂರಿಲ್ಲದ ಆ ಕಮಾನುಗಳ ಕೆಳಗೆ ನಿಂತು, ಕ್ಯಾಮೆರಾದ ಮುಂದೆ ಪಿಸುಗುಡುತ್ತಾರೆ. ಬಾವಲಿ ಹಾರಿದರೂ ಸಾಕು, ಅದಕ್ಕೊಂದು ಹಿನ್ನೆಲೆ ಸಂಗೀತ ಸೇರಿಕೊಳ್ಳುತ್ತದೆ. ಯಾರೋ ಗಂಟೆಯ ಸದ್ದು ಕೇಳಿಸಿತು ಎನ್ನುತ್ತಾರೆ, ಇನ್ನಾರೋ ಬಿಳಿ ಬಟ್ಟೆ ಕಂಡಿತು ಎನ್ನುತ್ತಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ.

ಹಾಸನದಿಂದ ಅರ್ಧ ಗಂಟೆಯ ದಾರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಇದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂದು ಸುತ್ತಲಿನವರು ಇಂದಿಗೂ ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸಾಮರ್ಥ್ಯ 37.103 ಟಿಎಂಸಿ. ಮಳೆಗಾಲದಲ್ಲಿ ನೀರು ಆ ಮಟ್ಟದ ಹತ್ತಿರಕ್ಕೆ ಬಂತೆಂದರೆ ಚರ್ಚಿನ ಮೇಲ್ಭಾಗವಷ್ಟೇ ಕಾಣುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಬುಡದವರೆಗೂ ನಡೆದು ಹೋಗಬಹುದು. ವರ್ಷಕ್ಕೊಮ್ಮೆ ಮುಳುಗಿ ಏಳುವ ಇಟ್ಟಿಗೆ ಗೋಡೆ ಎಷ್ಟು ಕಾಲ ತಾಳೀತು? ಈಗಾಗಲೇ ಒಂದಿಷ್ಟು ಭಾಗ ಕುಸಿದಿದೆ.

ಅಲ್ಲಿ ಒಣಗಿದ ಹಿನ್ನೀರ ಬಯಲಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಹುಡುಗರ ಗುಂಪು ನಿಲ್ಲಿಸಿ ಕೇಳಿತು: ‘ತಾತಾ, ಇಲ್ಲಿ ರಾತ್ರಿ ಏನಾದ್ರೂ ಕಾಣ್ಸುತ್ತಾ?’ ಅವರು ಕೋಲನ್ನು ಬಯಲಿನ ಕಡೆಗೆ ಚಾಚಿ, ‘ಯಾವ ದೆವ್ವನೂ ಇಲ್ಲ ಕಣ್ರಪ್ಪ. ಆ ಕಲ್ಲು ಕಾಣ್ತದಲ್ಲ, ಅದರಾಚೆಗೆ ನಮ್ಮಟ್ಟಿ ಇದ್ದುದ್ದು. ಅಲ್ಲೇ ನಮ್ಮವ್ವ ಸತ್ತಿದ್ದು’ ಅಂದರು. ಹುಡುಗರು ಆ ಮಾತನ್ನು ಚಿತ್ರೀಕರಿಸಲಿಲ್ಲ. ಅವರು ಹುಡುಕಿಕೊಂಡು ಬಂದ ಕಥೆಗೆ ಅದು ಹೊಂದುತ್ತಿರಲಿಲ್ಲ.

ನನಗೆ ಹೇಳಬೇಕಿರುವುದೆಲ್ಲ ಆ ಒಂದು ಉತ್ತರದಲ್ಲಿದೆ. ದೆವ್ವದ ಕಥೆ ಹುಟ್ಟಿದ ಜಾಗಗಳಲ್ಲೆಲ್ಲ ಕೆದಕಿ ನೋಡಿದರೆ ತಳದಲ್ಲಿ ಸಿಗುವುದು ಹೆಸರು ಕಳೆದುಕೊಂಡ ಮನುಷ್ಯರು. ಶೆಟ್ಟಿಹಳ್ಳಿಯ ಬಯಲಲ್ಲಿ ಮನೆಗಳಿದ್ದವು, ರಾಗಿ ಹೊಲಗಳಿದ್ದವು, ಕಣಗಳಿದ್ದವು. ಅಂಥ ಎಷ್ಟೋ ಊರು ಹೇಮಾವತಿಯ ಹಿನ್ನೀರಿನ ಕೆಳಗಿವೆ. ಅಲ್ಲಿದ್ದವರನ್ನು ಎಬ್ಬಿಸಿದ ಕಾರಣ ದೊಡ್ಡದೇ, ನಾಲೆಯ ನೀರು ನಮ್ಮ ಸೀಮೆಯ ಎಷ್ಟೋ ಒಣಭೂಮಿಗೆ ಜೀವ ಕೊಟ್ಟಿದೆ. ಆದರೆ ಆ ದಡದಲ್ಲಿ ನಿಂತು ನೋಡುವವನಿಗೆ ಇಲ್ಲಿ ಯಾವ ಊರಿತ್ತು, ಯಾರಿದ್ದರು, ಎಲ್ಲಿಗೆ ಹೋದರು ಎಂದು ಹೇಳುವ ಏನೂ ಕಾಣುವುದಿಲ್ಲ. ಆ ಖಾಲಿಯಲ್ಲಿ ಬಿಳಿ ಬಟ್ಟೆಯ ಹೆಂಗಸು ಬಂದು ಕೂತಳು.

ಇನ್ನೊಂದು ನೋವಿನ ಸಂಗತಿ ಇದೆ. ಹೇಮಾವತಿ ಜಲಾಶಯ ಯೋಜನೆಯ ಮುಳುಗಡೆ ಸಂತ್ರಸ್ತರಿಗೆಂದು ಮೀಸಲಿಟ್ಟ ಜಮೀನನ್ನು ಹಾಸನ ಜಿಲ್ಲೆಯವರು ಎಚ್‌ಆರ್‌ಪಿ ಜಮೀನು ಎನ್ನುತ್ತಾರೆ. ನಕಲಿ ದಾಖಲೆ ಸೃಷ್ಟಿಸಿ, ಸಂತ್ರಸ್ತರೇ ಅಲ್ಲದವರ ಹೆಸರಿಗೆ ಆ ಜಮೀನು ಮಂಜೂರಾಯಿತೆಂಬ ಆರೋಪ ವರ್ಷಗಳ ಕಾಲ ಪತ್ರಿಕೆಗಳಲ್ಲಿ ಬಂತು, ತನಿಖೆಗಳೂ ನಡೆದವು. ಮುಳುಗಿದ ಊರಿನ ನಿಜವಾದ ಮಕ್ಕಳು ತಾವು ಆ ಊರಿನವರೆಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆದರು. ಚರ್ಚಿನ ಗೋಡೆಗೆ ಕಿವಿಯಿಟ್ಟು ಸದ್ದು ಹುಡುಕುವವರಿಗೆ ಈ ಅಲೆದಾಟದ ಕಥೆ ಗೊತ್ತಾಗಬೇಕು.

ಗೊರೂರಿನ ಹೆಸರು ಬಂದ ಮೇಲೆ ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ನೆನೆಯದೆ ಮುಂದೆ ಹೋಗಲಾಗದು. 1904ರಲ್ಲಿ ಹುಟ್ಟಿ 1991ರವರೆಗೆ ಬಾಳಿದ ಅವರು ಈ ಹೊಳೆಯ ದಡದ ಬದುಕನ್ನು ಅಣೆಕಟ್ಟೆಗೆ ಮೊದಲೇ ಬರೆದಿಟ್ಟರು. ಸಿದ್ಧಲಿಂಗಯ್ಯ 1974ರಲ್ಲಿ ಸಿನಿಮಾ ಮಾಡಿದ ‘ಭೂತಯ್ಯನ ಮಗ ಅಯ್ಯು’ ಅವರದೇ ಕಥೆ. ಅದರ ಭೂತಯ್ಯ ಸತ್ತ ಮೇಲೆ ಹೆದರಿಸಿದವನಲ್ಲ, ಬದುಕಿದ್ದಾಗಲೇ ಊರನ್ನು ಬಡ್ಡಿಯಲ್ಲಿ ಹಿಂಡಿದವನು. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರವರು ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಭಯ ಎಲ್ಲಿಂದ ಬರುತ್ತದೆಂದು ಗೊರೂರರಿಗೆ ಚೆನ್ನಾಗಿ ಗೊತ್ತಿತ್ತು.

ದೆವ್ವ ತೋರಿಸುವ ನಡಿಗೆಗಳು

ಊರಿನ ದೆವ್ವದ ತಾಣಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಪದ್ಧತಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1973ರಷ್ಟು ಹಿಂದೆಯೇ ಶುರುವಾಗಿತ್ತು. ಇಂದು ಎಡಿನ್‌ಬರೊದ ನೆಲದಡಿಯ ಓಣಿಗಳಿಂದ ಹಿಡಿದು ಅಮೆರಿಕದ ಹಳೆಯ ಪಟ್ಟಣಗಳವರೆಗೆ ಇದು ದೊಡ್ಡ ಉದ್ಯಮ. ನಮ್ಮಲ್ಲಿ ದೆಹಲಿ ಪ್ರವಾಸೋದ್ಯಮ ನಿಗಮ 2023ರ ಮೇ ತಿಂಗಳಲ್ಲಿ ಇಂಥ ನಡಿಗೆಯನ್ನು ಮಾಲ್ಚಾ ಮಹಲ್‌ನಿಂದ ಆರಂಭಿಸಿತು. ರಾಜಸ್ಥಾನದ ಭಾನ್‌ಗಢಕ್ಕಂತೂ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ ಎಂಬ ಪುರಾತತ್ವ ಇಲಾಖೆಯ ಫಲಕವೇ ಜಾಹೀರಾತಾಗಿದೆ.

ಮಾಲ್ಚಾ ಮಹಲ್‌ನ ಕಥೆ ಕೇಳಿ. ತುಘಲಕರ ಕಾಲದ ಬೇಟೆಯ ಬಂಗಲೆ ಅದು, ದೆಹಲಿಯ ಕಾಡಿನ ನಡುವೆ ಇದೆ. ತಾನು ಅವಧ್ ರಾಜವಂಶದವಳು ಎಂದು ಹೇಳಿಕೊಂಡ ಬೇಗಂ ವಿಲಾಯತ್ ಎಂಬ ಹೆಂಗಸು ಇಬ್ಬರು ಮಕ್ಕಳೊಂದಿಗೆ ನವದೆಹಲಿ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಬೀಡುಬಿಟ್ಟಿದ್ದಳು. ಕೊನೆಗೆ ಸರ್ಕಾರ ಅವರಿಗೆ ಈ ಪಾಳು ಕಟ್ಟಡ ಕೊಟ್ಟಿತು. ತಾಯಿ ಅಲ್ಲೇ ಸತ್ತಳು, ಮಗಳು ಸತ್ತಳು, 2017ರಲ್ಲಿ ಒಂಟಿಯಾಗಿ ಮಗನೂ ಸತ್ತ. ದೆವ್ವದ ಕಥೆಗೆ ಇನ್ನೇನು ಬೇಕು? ಆದರೆ ಪತ್ರಕರ್ತೆ ಎಲೆನ್ ಬ್ಯಾರಿ ಬೆನ್ನುಹತ್ತಿ ಹೋಗಿ 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ವರದಿಯಲ್ಲಿ ಬೇರೆಯದೇ ಸತ್ಯ ಹೊರಬಂತು. ಅವರು ಅವಧ್ ರಾಜಮನೆತನದವರಾಗಿರಲಿಲ್ಲ. ಲಖನೌ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಒಬ್ಬರ ಕುಟುಂಬ, ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋಗಿ, ಮನೆಮಾರು ಕಳೆದುಕೊಂಡು, ಮನಸ್ಸೂ ಚೂರಾಗಿ ಮರಳಿ ಬಂದಿತ್ತು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಅವರ ಇನ್ನೊಬ್ಬ ಮಗ ಸಾಮಾನ್ಯನಂತೆ ಬದುಕಿದ್ದ. ವಿಭಜನೆಯ ಗಾಯವೊಂದು ಕಾಡಿನೊಳಗೆ ಸೇರಿಕೊಂಡಿದ್ದನ್ನು ದೆಹಲಿ ದೆವ್ವವೆಂದು ಕರೆಯಿತು.

ಹಿರಿಯರು ಮತ್ತು ದೆವ್ವಗಳು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಕಡೆ ಬೆಳೆದವರಿಗೆ ಸತ್ತವರು ದೂರದವರಲ್ಲ. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಹಿರಿಯರ ಹಬ್ಬ ಬರುತ್ತದೆ. ಹೊಸ ಪಂಚೆ, ಹೊಸ ಸೀರೆ, ಒಬ್ಬಟ್ಟು, ವಡೆ, ಕೆಲವು ಮನೆಗಳಲ್ಲಿ ಮಾಂಸದ ಅಡುಗೆ, ಕುಡಿಯುತ್ತಿದ್ದ ತಾತನಿಗೆ ಅದೂ, ಬೀಡಿ ಸೇದುತ್ತಿದ್ದವರಿಗೆ ಬೀಡಿಯ ಕಟ್ಟು. ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಒಂದಿಷ್ಟು ಹೊತ್ತು ಎಲ್ಲರೂ ಹೊರಗೆ ಕೂರುತ್ತಾರೆ. ಸತ್ತವರು ಬಂದು ಉಣ್ಣುವ ಹೊತ್ತದು. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತ ಯಾವ ಮಗುವಿಗೂ ಭಯವಾಗುವುದಿಲ್ಲ. ಒಳಗಿರುವುದು ಅಜ್ಜಿ.

ಅದೇ ಮಗು ಕತ್ತಲಾದ ಮೇಲೆ ಹಳೇ ಬಾವಿಯ ಪಕ್ಕದ ಹುಣಸೆಮರದ ಹತ್ತಿರ ಹೋಗದು. ಅಲ್ಲಿರುವುದು ಯಾರೆಂದು ಯಾರಿಗೂ ಗೊತ್ತಿಲ್ಲ. ‘ಯಾರೋ ಒಬ್ಳು ಬಿದ್ದಿದ್ಲಂತೆ’ ಎಂಬಲ್ಲಿಗೆ ಊರಿನ ನೆನಪು ಮುಗಿಯುತ್ತದೆ. ನನ್ನ ತಿಳಿವಳಿಕೆಯಲ್ಲಿ ನಮ್ಮ ಸೀಮೆ ಸತ್ತವರನ್ನು ಬೇರ್ಪಡಿಸುವುದು ಇಲ್ಲೇ. ಹೆಸರು ಹಿಡಿದು ಎಡೆ ಇಡುವವರಿದ್ದರೆ ಹಿರಿಯರು, ಇಲ್ಲದಿದ್ದರೆ ದೆವ್ವ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಸನ ಜಿಲ್ಲೆಯಲ್ಲಿ ಒಂದು ನಡಿಗೆ ಹೂಡೋಣ. ಸತ್ತವರನ್ನು ಕಾಣುವ ನಡಿಗೆ. ಅದರ ಮೊದಲ ತಾಣಕ್ಕೆ ರಾತ್ರಿ ಹೋಗುವ ಅಗತ್ಯವಿಲ್ಲ, ಬೆಳಗಿನ ಹೊತ್ತೇ ಚೆನ್ನ.

ಚಿಕ್ಕಬೆಟ್ಟ

ಶ್ರವಣಬೆಳಗೊಳಕ್ಕೆ ಬಂದವರಲ್ಲಿ ಹೆಚ್ಚಿನವರು ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಗೊಮ್ಮಟನನ್ನು ನೋಡಿ, ದೊಡ್ಡಬೆಟ್ಟ ಇಳಿದು ಬಸ್ಸು ಹತ್ತಿಬಿಡುತ್ತಾರೆ. ಕೊಳದ ಈಚೆಗಿರುವ ಚಿಕ್ಕಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ, ಹತ್ತುವವರು ಕಡಿಮೆ. ಶಾಸನಗಳಲ್ಲಿ ಇದರ ಹೆಸರು ಕಟವಪ್ರ, ಕಳ್ಬಪ್ಪು. ಕರ್ನಾಟಕದಲ್ಲಿ ಇಷ್ಟು ಸಾವುಗಳು ದಾಖಲಾದ ಇನ್ನೊಂದು ಬೆಟ್ಟ ನನಗೆ ಗೊತ್ತಿಲ್ಲ.

ಪಾರ್ಶ್ವನಾಥ ಬಸದಿಯ ಪಕ್ಕದ ಬಂಡೆಯ ಮೇಲಿನ ಶಾಸನ ಕ್ರಿ.ಶ. 600ರ ಸುಮಾರಿನದು. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಬರ ಬರಲಿದೆಯೆಂದು ಭದ್ರಬಾಹು ನುಡಿದದ್ದು, ಸಂಘ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರನೆಂಬ ಮುನಿ ಈ ಬೆಟ್ಟದಲ್ಲಿ ದೇಹ ಬಿಟ್ಟದ್ದು, ಅವನ ನಂತರ ಏಳುನೂರು ಋಷಿಗಳು ಅದೇ ಹಾದಿ ಹಿಡಿದದ್ದು ಅದರಲ್ಲಿದೆ. ಬಂಡೆಯ ಮೇಲೆ ಅಲ್ಲಲ್ಲಿ ಕಂಬಿ ಹಾಕಿ, ಗಾಜು ಮುಚ್ಚಿ ಕಾಪಾಡಿದ ಸಾಲುಗಳಿವೆ. ಅನ್ನ ನೀರು ಹಂತಹಂತವಾಗಿ ಬಿಟ್ಟು ಸಲ್ಲೇಖನದಿಂದ ಮುಡಿಪಿದ ಮುನಿಗಳ, ಗಂತಿಯರ ನೆನಪಿನ ಸಾಲುಗಳು ಅವು. ಕೆಲವಂತೂ ಒಂದೆರಡೇ ಸಾಲು: ಇಂಥ ಊರಿನ, ಇಂಥ ಗುರುವಿನ ಶಿಷ್ಯೆ, ಇಷ್ಟು ಕಾಲ ವ್ರತ ಹಿಡಿದು ಮುಡಿಪಿದಳು. ನಾಗಮತಿ ಗಂತಿ, ಸಸಿಮತಿ ಗಂತಿ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಸನ್ಯಾಸಿನಿಯರು. ರಾಣಿಯರಲ್ಲ, ಸೇನಾನಿಯ ಹೆಂಡತಿಯರಲ್ಲ. ಆದರೂ ಅವರ ಹೆಸರು ನಮಗೆ ಗೊತ್ತು. ನಂದಿಸೇನನೆಂಬ ಮುನಿಯ ನೆನಪಿನ ಶಾಸನ ಕನ್ನಡದ ಅತಿ ಹಳೆಯ ಕವಿತೆಗಳಲ್ಲಿ ಒಂದೆಂದು ಹೆಸರಾಗಿದೆ. ರೂಪ, ಸಿರಿ, ಅಧಿಕಾರ ಯಾವುದೂ ನಿಲ್ಲುವುದಿಲ್ಲವೆಂದು ಅದು ಹೇಳುತ್ತದೆ. ಒಬ್ಬನ ಸಾವಿಗಾಗಿ ಬರೆದ ಸಾಲುಗಳು ಇಡೀ ಭಾಷೆಯ ಆಸ್ತಿಯಾದವು.

ಬಸದಿಗಳ ಆವರಣದ ಬಾಗಿಲ ಬಳಿ ಕೂಗೆ ಬ್ರಹ್ಮದೇವರ ಕಂಬವಿದೆ. 974ರಲ್ಲಿ ಸಲ್ಲೇಖನದಿಂದ ಮುಡಿಪಿದ ಗಂಗ ದೊರೆ ಮಾರಸಿಂಹನ ನೆನಪು ಅದರ ಮೇಲಿದೆ. ಎಂಟು ವರ್ಷದ ನಂತರ, 982ರಲ್ಲಿ, ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರ ಇಲ್ಲೇ ದೇಹ ಬಿಟ್ಟ. ರಾಜ್ಯವೇ ಕೈಬಿಟ್ಟುಹೋದ ದೊರೆಗೂ ಇಲ್ಲಿ ಒಂದು ಕಲ್ಲು ಸಿಕ್ಕಿತು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಮಾಚಿಕಬ್ಬೆಯ ಬಳಿ. ವಿಷ್ಣುವರ್ಧನನ ರಾಣಿ ಶಾಂತಲೆ ಎಲ್ಲರಿಗೂ ಗೊತ್ತು. 1123ರಲ್ಲಿ ಈ ಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದವಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡವಳು. ಅವಳ ತಾಯಿಯನ್ನು ಎಷ್ಟು ಮಂದಿ ಬಲ್ಲರು? ಮಗಳು ಸತ್ತ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಅರೆಗಣ್ಣು ಮುಚ್ಚಿ, ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳೆಂದು ಶಾಸನ ಹೇಳುತ್ತದೆ. ಮಗಳ ಶೋಕದಲ್ಲಿದ್ದ ತಾಯಿಯೊಬ್ಬಳ ಕೊನೆಯ ತಿಂಗಳು ಕಲ್ಲಿನ ಮೇಲೆ ಹಾಗೇ ಉಳಿದಿದೆ.

ಅಲ್ಲೇ ಕತ್ತಲೆ ಬಸದಿ ಇದೆ. ಒಳಗೆ ಬೆಳಕು ಕಡಿಮೆ, ಅದಕ್ಕೇ ಆ ಹೆಸರು. ಬೇರೆ ದೇಶದಲ್ಲಾಗಿದ್ದರೆ ಈ ಕತ್ತಲೆಯೊಂದರಿಂದಲೇ ದೆವ್ವದ ನಡಿಗೆಯ ಟಿಕೆಟ್ ಮಾರಾಟವಾಗುತ್ತಿತ್ತು. ಆದರೆ ಪೀಠದ ಮೇಲಿನ ಬರಹ, ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚಿಕಬ್ಬೆಗಾಗಿ ಇದನ್ನು ಕಟ್ಟಿಸಿದನೆಂದು ಹೇಳುತ್ತದೆ. ಓದಿದ ಮೇಲೆ ಆ ಕತ್ತಲೆಯಲ್ಲಿ ಹೆದರಿಕೆಗೆ ಜಾಗವೆಲ್ಲಿ?

ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಪರಿಷ್ಕೃತ ಸಂಪುಟದಲ್ಲಿ 573 ಇವೆ, ಅವುಗಳಲ್ಲಿ 271 ಈ ಚಿಕ್ಕಬೆಟ್ಟದವು. ಇಷ್ಟೊಂದು ಸಾವು ನೆಲೆಸಿದ ಈ ಬೆಟ್ಟದಲ್ಲಿ ದೆವ್ವವಿದೆ ಎಂದು ಬೆಳಗೊಳದ ಒಬ್ಬ ಹೂವಿನಂಗಡಿಯವರೂ ನನಗೆ ಹೇಳಿಲ್ಲ. ಶೆಟ್ಟಿಹಳ್ಳಿಯ ಚರ್ಚಿಗೆ ದೆವ್ವ ಅಂಟಿತು, ನೂರಾರು ಮಂದಿ ಸತ್ತ ಚಂದ್ರಗಿರಿಗೆ ಅಂಟಲಿಲ್ಲ.

ಕಲ್ಲು ಪಡೆದವರು, ಪಡೆಯದವರು

ಜೈನರ ಈ ನೆನಪಿನ ಕಲ್ಲುಗಳು, ಅಂದರೆ ನಿಸಿದಿಗಳಷ್ಟೇ ಅಲ್ಲ, ಊರೂರಿನ ವೀರಗಲ್ಲು ಮಾಸ್ತಿಗಲ್ಲುಗಳದೂ ಇದೇ ಕೆಲಸ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ, ಸೂರ್ಯ ಚಂದ್ರ. ತುರು ಕಾಯಲು ಹೋಗಿ ಸತ್ತವನು, ಹುಲಿಗೆ ಎದುರಾದವನು, ಊರಳಿವಿನಲ್ಲಿ ಹೋರಾಡಿದವನು, ಎಲ್ಲರೂ ಹೀಗೆ ಮೇಲೇರಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ 949-50ರ ಶಾಸನ ಹಂದಿಯ ಜತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನೂ ಉಳಿಸಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಅದನ್ನು ನೋಡಬಹುದು. ನಾಯಿಯ ಹೆಸರನ್ನೂ ಮರೆಯದ ನೆಲ ಇದು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬದಿಯಲ್ಲಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವನೊಂದಿಗಿದ್ದ ಸಾವಿರ ಭಟರು ದೊರೆ ಸತ್ತಾಗ ತಾವೂ ಪ್ರಾಣ ಕೊಟ್ಟ ಗರುಡರು. ಕಂಬದ ಮೇಲಿನ ಶಿಲ್ಪಗಳಲ್ಲಿ ಮನುಷ್ಯರು ತಮ್ಮ ಕೊರಳಿಗೆ ತಾವೇ ಕತ್ತಿಯಿಟ್ಟುಕೊಂಡಿದ್ದಾರೆ. ಆ ಸ್ವಾಮಿನಿಷ್ಠೆಯನ್ನು ಮೆಚ್ಚಲು ನನಗಾಗದು, ಸಾವಿರ ಜನರ ಸಾವು ನನ್ನನ್ನು ತಲ್ಲಣಗೊಳಿಸುತ್ತದೆ. ಆದರೆ ಪ್ರವಾಸಿಗರು ಅದರ ಮುಂದೆಯೇ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಅದು ಏನೆಂದು ಯಾರಾದರೂ ನಿಲ್ಲಿಸಿ ಹೇಳಿದರೆ ಆ ಜಾಗ ಬಿಟ್ಟು ಅಷ್ಟು ಬೇಗ ಕದಲಲಾರರು.

ಇನ್ನು ಕಲ್ಲು ಸಿಗದವರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕೆಳಗಿಳಿದಿತ್ತು. ನಡುವೆ ಬಂದದ್ದು 1876ರಿಂದ 78ರವರೆಗಿನ ಧಾತು ಈಶ್ವರ ಬರ. ದಾರಿಯಲ್ಲಿ, ಗಂಜಿ ಕೇಂದ್ರದ ಮುಂದೆ, ಒಣಗಿದ ಕೆರೆಯ ಅಂಗಳದಲ್ಲಿ ಬಿದ್ದವರಿಗೆ ನಿಸಿದಿ ಇಲ್ಲ, ವೀರಗಲ್ಲಿಲ್ಲ, ಎಡೆ ಇಡಬೇಕಾದವರೂ ಎಷ್ಟೋ ಕಡೆ ಅವರ ಜೊತೆಗೇ ಹೋದರು. ಆಮೇಲೆ ಪ್ಲೇಗು ಬಂತು, ಸಿಡುಬಂತೂ ಇದ್ದೇ ಇತ್ತು. ನಮ್ಮ ತಾಲ್ಲೂಕುಗಳ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳೆಂದು ಕೆಲವಿವೆ. ಊರಿನ ಹೆಸರಿದೆ, ಸರ್ವೆ ನಂಬರಿದೆ, ಒಂದೇ ಒಂದು ಮನೆಯಿಲ್ಲ. ಹೋಗಿ ನೋಡಿದರೆ ಒಂದು ಹಾಳು ಬಾವಿ, ಮುರಿದ ಒರಳು, ಮೂತಿ ಸವೆದ ಹನುಮಂತ. ‘ಹಾಳೂರಿಗೆ ಉಳಿದೋನೇ ಗೌಡ’ ಎಂಬ ಗಾದೆ ಇಂಥ ಊರುಗಳನ್ನು ಕಂಡವರ ಬಾಯಿಂದ ಬಂದಿರಬೇಕು. ಹಾಳೂರು ದಾಟುವಾಗ ಗಾಳಿ ಸೋಕುತ್ತದೆ, ಪೀಡೆ ಮೆಟ್ಟಿಕೊಳ್ಳುತ್ತದೆ ಎಂದು ನಮ್ಮ ಹಿಂದಿನವರು ಮಕ್ಕಳ ಕೊರಳಿಗೆ ತಾಯಿತ ಕಟ್ಟುತ್ತಿದ್ದರು. ಆ ಭಯದೊಳಗೆ ಬರದ ನೆನಪು ಸೇರಿಕೊಂಡಿದೆ ಎಂದೇ ನನ್ನ ಅನುಮಾನ. ಕಾರಣ ಮರೆತುಹೋಯಿತು, ಹೆದರಿಕೆ ಉಳಿಯಿತು.

ಹಾಸನ ಪೇಟೆಯ ಸೊಸೆ

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದ ಹುಣ್ಣಿಮೆಯ ನಂತರದ ಗುರುವಾರ ತೆರೆದು ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ಹಚ್ಚಿಟ್ಟ ದೀಪ ವರ್ಷವಿಡೀ ಆರುವುದಿಲ್ಲ, ಮುಡಿಸಿದ ಹೂ ಬಾಡುವುದಿಲ್ಲ ಎಂಬುದು ಭಕ್ತರ ನಂಬಿಕೆ. ನಂಬಿಕೆಯ ವಾದಕ್ಕೆ ನಾನು ಇಳಿಯುವುದಿಲ್ಲ. ಆ ಆವರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸೊಸೆಯ ಕಲ್ಲಿನ ಕಥೆ.

ಸೊಸೆಯೊಬ್ಬಳು ದಿನವೂ ಹಾಸನಾಂಬೆಯ ದರ್ಶನಕ್ಕೆ ಬರುತ್ತಿದ್ದಳಂತೆ. ಒಂದು ದಿನ ಅತ್ತೆ ಹಿಂದೆಯೇ ಬಂದು, ದೇವಿಯ ಮುಂದೆ ಕೈಮುಗಿದು ನಿಂತವಳ ತಲೆಗೆ ಬಲವಾಗಿ ಕುಕ್ಕಿದಳು. ನೋವು ತಾಳದೆ ಸೊಸೆ ‘ಅಮ್ಮಾ’ ಎಂದು ಕೂಗಿದಾಗ ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಕದಿಯಲು ಬಂದ ಕಳ್ಳರು ಕಲ್ಲಾದ ಕಳ್ಳಪ್ಪನ ಗುಡಿಯೂ ಅಲ್ಲೇ ಇದೆ. ಕಳ್ಳರಿಗೂ ಒಂದು ಹೆಸರಾಯಿತು. ಅವಳು ಮಾತ್ರ ಸೊಸೆ. ಅಪ್ಪ ಅಮ್ಮ ಇಟ್ಟ ಹೆಸರೇನೋ, ತೌರೂರು ಯಾವುದೋ.

ನಮ್ಮ ಬಾವಿಗಳ, ಕೆರೆಗಳ, ಹುಣಸೆಮರಗಳ ದೆವ್ವಗಳಲ್ಲಿ ಹೆಚ್ಚಿನವರು ಹೆಂಗಸರೇ ಆಗಿರುವುದು ಯಾಕೆಂದು ಹಾಸನಾಂಬೆಯ ದರ್ಶನದ ಸಾಲಿನಲ್ಲಿ ನಿಂತಾಗ ಹೊಳೆಯುತ್ತದೆ. ಬಾಣಂತಿಯಾಗಿ ಸತ್ತವಳು, ಬಾವಿಗೆ ಬಿದ್ದವಳು, ಬೀಳಿಸಲ್ಪಟ್ಟವಳು. ಕೆರೆಗೆ ಹಾರವಾದವಳಿಗೆ ಜನಪದರು ಭಾಗೀರಥಿ ಎಂಬ ಹೆಸರು ಉಳಿಸಿಕೊಟ್ಟರು, ತಲೆಮಾರುಗಳು ಅವಳಿಗಾಗಿ ಅತ್ತವು. ಹೆಸರು ಉಳಿಯದವಳನ್ನು ಮೋಹಿನಿ ಎಂದರು. ಬದುಕಿರುವ ಹೆಂಗಸಿಗೆ ‘ಗಾಳಿ ಮೆಟ್ಟಿದೆ’ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆದದ್ದೂ ಇದೇ ಕಥೆಯ ಮುಂದುವರಿಕೆ. ದೆವ್ವ ಬಿಡಿಸುವ ನೆಪದಲ್ಲಿ ಹಾಗೆ ಹಿಂಸಿಸುವುದು ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆಯ ಪ್ರಕಾರ ಅಪರಾಧ. ದೆವ್ವದ ಕಥೆಯನ್ನು ಮನರಂಜನೆಗೆ ಮಾರುವವರು ಇದನ್ನು ಮರೆಯಬಾರದು.

ಟಾರ್ಚ್ ಹಿಡಿಯುವ ಬಗೆ

ನಡಿಗೆ ಬೇಕು, ಖಂಡಿತ ಬೇಕು. ಯುವಕರು ಕ್ಯಾಮೆರಾ ಹಿಡಿದು ಹಳೆಯ ಜಾಗಗಳಿಗೆ ಹೋಗುತ್ತಿರುವುದೇ ನನಗೆ ಸಂತೋಷದ ವಿಷಯ. ಅವರ ಕುತೂಹಲಕ್ಕೆ ನಿಜವಾದ ಸರಕು ಸಿಗಬೇಕಷ್ಟೆ. ಹೇಮಾವತಿ ದಡದಲ್ಲಿ ಮುಳುಗಡೆಯಾದ ಊರುಗಳ ಹೆಸರಿನ ಫಲಕ ನಿಲ್ಲಬೇಕು. ಭೂಸ್ವಾಧೀನದ ಕಡತಗಳಲ್ಲಿ ಊರು, ಸರ್ವೆ ನಂಬರು, ಹಿಡುವಳಿದಾರರ ಹೆಸರು ಎಲ್ಲ ಇರುತ್ತವೆ, ಹೊಸದಾಗಿ ಸಂಶೋಧನೆ ಮಾಡುವುದೇನೂ ಇಲ್ಲ. ನೀರಿಳಿದ ತಿಂಗಳುಗಳಲ್ಲಿ ಆ ಊರುಗಳಿಂದ ಎದ್ದುಹೋದ ಮನೆಗಳ ಹಿರಿಯರೇ ದಾರಿ ತೋರಿಸಲಿ, ಅದಕ್ಕೆ ತಕ್ಕ ಸಂಭಾವನೆಯೂ ಅವರಿಗೆ ಸಿಗಲಿ.

ಬೆಂಗಳೂರಿನಲ್ಲಿ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ನಗರ ನುಂಗುತ್ತಿದ್ದ ಶಾಸನಗಳನ್ನು ಒಂದೊಂದಾಗಿ ಹುಡುಕಿ ಉಳಿಸಲು ಹೊರಟರು, ಮಿಥಿಕ್ ಸೊಸೈಟಿ ಅವುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುವ ಕೆಲಸ ಕೈಗೆತ್ತಿಕೊಂಡಿತು. ಚರಂಡಿಯ ಬದಿಯಲ್ಲಿ, ಕಾಂಪೌಂಡಿನ ಬುಡದಲ್ಲಿ ಬಿದ್ದಿದ್ದ ಕಲ್ಲುಗಳಿಗೆ ಮಂಟಪಗಳಾದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಕಲ್ಲುಗಳು ಇನ್ನೂ ಊರ ಮುಂದೆಯೇ ಇವೆ. ಕೆಲವಕ್ಕೆ ಅರಿಶಿನ ಕುಂಕುಮ ಬಿದ್ದಿದೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವನ್ನು ನಿಧಿಯಾಸೆಯವರು ಕೆಡವಿದ್ದಾರೆ. ರೈಸ್ 1902ರಲ್ಲಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದೇ. ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ನೋಡಿ.

ಆ ಕಲ್ಲುಗಳನ್ನು ಓದಲು ಹೋಗುವ ಹೊತ್ತು ಸಂಜೆಯೇ ಆಗಲಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಗೀರುಗಳೊಳಗೆ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ನೇರ ಹಿಡಿಯಬೇಡಿ, ಕಲ್ಲಿನ ಮೈಗೆ ತಾಗುವಂತೆ ಪಕ್ಕದಿಂದ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ನೀರು, ಮೆತ್ತನೆ ಬ್ರಷ್ಷು ಸಾಕು. ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆಯಿರಿ, ಕಲ್ಲಿರುವ ಜಾಗವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ ಹೋಗಲಿ, ಇನ್ನೊಂದನ್ನು ಊರಿನ ಶಾಲೆಯ ಗೋಡೆಗೆ ಹಾಕಿಸಿ, ಕೆಳಗೆ ಸತ್ತವನ ಹೆಸರು ದೊಡ್ಡದಾಗಿ ಬರೆಸಿ.